ಊಜಿ ನೊಣ ಮೊಟ್ಟೆ ಇಡಲು ಹಣ್ಣನ್ನು ಹೇಗೆ ಆರಿಸುತ್ತದೆ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಮಾವು. ಬಾವಿ ಪಕ್ಕದಲ್ಲಿ ಎರಡು ಬೇನಿಷಾ ಮರಗಳಿವೆ. ಒಂದೇ ವಯಸ್ಸು, ಒಂದೇ ಗೊಬ್ಬರ. ಒಂದರ ಹಣ್ಣು ಕೊಯ್ದರೆ ಅರ್ಧಕ್ಕರ್ಧ ಹುಳ. ಇನ್ನೊಂದರಲ್ಲಿ ಅಷ್ಟಿಲ್ಲ. ಹುಳ ಬೀಳುವ ಮರದ ಪಕ್ಕದಲ್ಲಿ ಒಂದು ಹಳೇ ಸೀಬೆ ಗಿಡ ಇದೆ. ಮೋಹಕ ಬಲೆ ಕಟ್ಟಿದ್ದೇನೆ, ದಿನಾ ರಾಶಿ ನೊಣ ಬೀಳುತ್ತವೆ, ಆದರೂ ಹುಳ ನಿಂತಿಲ್ಲ. ಈ ಊಜಿ ನೊಣ ಯಾವ ಹಣ್ಣಿಗೆ ಮೊಟ್ಟೆ ಇಡಬೇಕು ಅಂತ ಹೇಗೆ ತೀರ್ಮಾನ ಮಾಡುತ್ತೆ? ಬಿ.ಎಸ್ಸಿ. ಓದುವ ಮಗಳು ತಮ್ಮ ಲ್ಯಾಬಿನಲ್ಲೂ ಹಣ್ಣುನೊಣ ಸಾಕುತ್ತಾರೆ ಅನ್ನುತ್ತಾಳೆ. ಅದೂ ಇದೂ ಒಂದೇನಾ?

ಉತ್ತರ: ನಿಮ್ಮ ಪ್ರಶ್ನೆಯ ಒಳಗೇ ಉತ್ತರದ ಒಂದು ದೊಡ್ಡ ಪಾಲು ಇದೆ. ಆ ಸೀಬೆ ಗಿಡ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೆಸರಿನ ಗೊಂದಲ ಬಿಡಿಸೋಣ.

ರೇಷ್ಮೆ ಸಾಕುವವರಿಗೆ ಊಜಿ ಅಂದರೆ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ನಿಮ್ಮ ಕಡೆ ಮಾವಿನ ನೊಣವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಎರಡೂ ಬೇರೆ ಬೇರೆ. ಮಾವಿನಲ್ಲಿ ಜಾಸ್ತಿ ಕಾಟ ಕೊಡುವುದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಅನ್ನುವ ಹಣ್ಣುನೊಣ. ಮನೆನೊಣಕ್ಕಿಂತ ತುಸು ದೊಡ್ಡದು, ಬೆನ್ನಿನ ಮೇಲೆ ಹಳದಿ ಪಟ್ಟೆ ಇರುತ್ತದೆ. ಮಗಳ ಲ್ಯಾಬಿನಲ್ಲಿರುವುದು ಡ್ರೊಸೊಫಿಲ. ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಕೆಂಪು ಕಣ್ಣಿನ ಪುಟ್ಟ ನೊಣಗಳು, ಅವೇ. ಇಬ್ಬರೂ ಹಣ್ಣುನೊಣ ಅನ್ನಿಸಿಕೊಂಡರೂ ಮೊಟ್ಟೆ ಇಡುವ ರೀತಿ ಬೇರೆ. ಡ್ರೊಸೊಫಿಲಕ್ಕೆ ಗಟ್ಟಿ ಸಿಪ್ಪೆ ಕೊರೆಯುವ ಶಕ್ತಿ ಇಲ್ಲ. ಅದು ಆಗಲೇ ಹುಳಿ ಬಂದ, ಬಿರಿದ ಹಣ್ಣಿಗೆ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿ ಬೆಳೆದ ಯೀಸ್ಟ್ ತಿಂದು ಬದುಕುತ್ತವೆ. ನಿಮ್ಮ ನೊಣಕ್ಕಾದರೆ ಹೊಟ್ಟೆಯ ತುದಿಯಲ್ಲಿ ಸೂಜಿಯಂಥ ಅಂಗ ಇದೆ. ಮರದಲ್ಲಿ ತೂಗುತ್ತಿರುವ ಒಳ್ಳೇ ಕಾಯಿಯನ್ನೇ ಅದು ಚುಚ್ಚುತ್ತದೆ.

ಈಗ ನೊಣದ ಕಡೆಯಿಂದ ನೋಡೋಣ. ಅದರ ಮರಿಗೆ ಕಾಲಿಲ್ಲ. ಹುಟ್ಟಿದ ಹಣ್ಣು ಬಿಟ್ಟು ಇನ್ನೊಂದು ಹಣ್ಣಿಗೆ ಹೋಗಲು ಅದಕ್ಕೆ ಆಗುವುದಿಲ್ಲ. ಹಣ್ಣು ತೀರಾ ಎಳೆಯದಾದರೆ ಮರಿ ಸಾಯುತ್ತದೆ. ತೀರಾ ಕೊಳೆತರೆ ಬೆಳೆಯುವ ಮೊದಲೇ ಊಟ ಮುಗಿಯುತ್ತದೆ. ಹಾಗಾಗಿ ಮರಿಯ ಇಡೀ ಬದುಕು ತಾಯಿ ಮಾಡುವ ಒಂದು ಆಯ್ಕೆಯ ಮೇಲೆ ನಿಂತಿದೆ. ಇಷ್ಟು ಸಣ್ಣ ಜೀವ ಈ ಆಯ್ಕೆಗೆ ಎಷ್ಟು ಶ್ರಮ ಪಡುತ್ತದೆ ಅಂತ ತಿಳಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಮಣ್ಣಿನಿಂದ ಹೊರಬಂದ ದಿನವೇ ಹೆಣ್ಣು ನೊಣ ಮೊಟ್ಟೆ ಇಡುವುದಿಲ್ಲ. ಆಗ ಅದರ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿತೇ ಇರುವುದಿಲ್ಲ. ಮೊಟ್ಟೆ ಬಲಿಯಲು ಪ್ರೋಟೀನ್ ಬೇಕು. ಅದಕ್ಕಾಗಿ ಒಂದು ವಾರ ಹತ್ತು ದಿನ ಎಲೆಯ ಮೇಲಿನ ಅಂಟು, ಹಕ್ಕಿ ಹಿಕ್ಕೆ, ಎಲೆ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು ನೆಕ್ಕುತ್ತಾ ತಿರುಗುತ್ತದೆ. ಆಮೇಲೆ ಸಂಜೆ ಮಬ್ಬಿನಲ್ಲಿ ಗಂಡಿನ ಜೊತೆ ಕೂಡುತ್ತದೆ. ಅಲ್ಲಿಂದ ಮುಂದೆ ಹಣ್ಣಿನ ಹುಡುಕಾಟ ಶುರು. ಆ ಹುಡುಕಾಟ ಹಗಲಲ್ಲೇ.

ದೂರದಿಂದ ಅದನ್ನು ಕರೆಯುವುದು ವಾಸನೆ. ಕಾಯಿ ಬಲಿತು ಹಣ್ಣಾಗುವ ಹಾದಿ ಹಿಡಿದಾಗ ಹೊರಬರುವ ವಾಸನೆ ಬದಲಾಗುತ್ತದೆ. ನಮ್ಮ ಮೂಗಿಗೆ ಗೊತ್ತಾಗುವ ಎಷ್ಟೋ ದಿನ ಮೊದಲೇ ನೊಣದ ಮೀಸೆಗೆ ಅದು ಗೊತ್ತಾಗುತ್ತದೆ. ಹತ್ತಿರ ಬಂದ ಮೇಲೆ ಕಣ್ಣೂ ಕೆಲಸ ಮಾಡುತ್ತದೆ. ಎಲೆಗಳ ನಡುವೆ ಎದ್ದು ಕಾಣುವ ದುಂಡನೆಯ ಆಕಾರ, ಅದರಲ್ಲೂ ಹಳದಿ ಬಣ್ಣ, ಅದನ್ನು ಸೆಳೆಯುತ್ತದೆ.

ವಾಸನೆಯ ವಿಷಯದಲ್ಲಿ ನಮ್ಮ ಹೆಸರಘಟ್ಟದಲ್ಲೇ ನಡೆದ ಒಂದು ಕೆಲಸ ಹೇಳಲೇಬೇಕು. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾವಿನ ಹಣ್ಣಿನ ವಾಸನೆಯನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಈ ನೊಣಕ್ಕೆ ಒಂದೊಂದನ್ನೇ ಕೊಟ್ಟು ನೋಡಿದರು. ಅದರಲ್ಲಿ ಗ್ಯಾಮಾ ಆಕ್ಟಲ್ಯಾಕ್ಟೋನ್ ಅನ್ನುವ ಒಂದು ವಸ್ತು ಸಿಕ್ಕಿದರೆ ಸಾಕು, ಅಲ್ಲಿ ಹಣ್ಣೇ ಇಲ್ಲದಿದ್ದರೂ ನೊಣ ಮೊಟ್ಟೆ ಇಡುತ್ತಿತ್ತು. 2014ರಲ್ಲಿ ಇದು ಪ್ರಕಟವಾಯಿತು. ನನಗೆ ತುಂಬಾ ಹಿಡಿಸಿದ್ದು ಮುಂದಿನ ಮಾತು. ಹಲವು ತಲೆಮಾರು ಈ ವಾಸನೆಯನ್ನು ಒಮ್ಮೆಯೂ ಮೂಸದೆ ಬೆಳೆದ ನೊಣಗಳೂ ಹೀಗೇ ಮಾಡಿದವು. ಅಂದರೆ ಯಾರೂ ಕಲಿಸಬೇಕಾಗಿಲ್ಲ. 'ಇದು ನನ್ನ ಮಗುವಿನ ಜಾಗ' ಅನ್ನುವುದು ಅದಕ್ಕೆ ಹುಟ್ಟಿನಿಂದಲೇ ಗೊತ್ತು.

ವಾಸನೆ ಹಿಡಿದು ಬಂದ ಮಾತ್ರಕ್ಕೆ ಮೊಟ್ಟೆ ಇಟ್ಟುಬಿಡುತ್ತದೆ ಅಂದುಕೊಳ್ಳಬೇಡಿ. ನಮ್ಮ ಮನೆ ಹಿಂದಿನ ಸೀಬೆ ಗಿಡದ ಕೆಳಗೆ ಒಂದು ಬೆಳಿಗ್ಗೆ ಸುಮ್ನೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಂದು ಹೆಣ್ಣು ನೊಣ ಬಂದು ಕಾಯಿಯ ಮೇಲೆ ಕೂತಿತು. ತಲೆ ತಗ್ಗಿಸಿಕೊಂಡು ಅತ್ತಿತ್ತ ಓಡಾಡಿತು. ನೊಣಕ್ಕೆ ಕಾಲಿನಲ್ಲೂ ರುಚಿ ತಿಳಿಯುತ್ತದೆ, ಹಾಗಾಗಿ ಆ ಓಡಾಟವೇ ರುಚಿ ನೋಡುವುದು. ಹೊಟ್ಟೆ ಬಾಗಿಸಿ ಸೂಜಿಯ ತುದಿಯನ್ನು ಸಿಪ್ಪೆಗೆ ತಾಗಿಸಿತು, ತೆಗೆಯಿತು. ಇನ್ನೊಂದು ಕಡೆ ತಾಗಿಸಿತು. ಬೇಡವೆನ್ನಿಸಿತೇನೋ, ಹಾರಿಹೋಯಿತು. ಎರಡನೇ ಕಾಯಿಯಲ್ಲೂ ಅದೇ ಕಥೆ. ಮೂರನೆಯದರಲ್ಲಿ ಸೂಜಿ ಒಳಗೆ ಇಳಿಯಿತು. ಆಗ ಅದು ಕದಲದೆ ನಿಂತಿತು. ಕೈ ಹತ್ತಿರ ತಂದರೂ ಹಾರಲಿಲ್ಲ. ಅದು ಹೋದ ಮೇಲೆ ಕನ್ನಡಕ ಏರಿಸಿಕೊಂಡು ಹುಡುಕಿದರೂ ಚುಚ್ಚಿದ ಗುರುತು ಕಷ್ಟಪಟ್ಟು ಸಿಕ್ಕಿತು. ಕೊಯ್ದು ನೋಡಿದರೆ ಸಿಪ್ಪೆಯ ಕೆಳಗೆ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆಗಳ ಸಣ್ಣ ಗುಂಪು.

ಹೊರಗಿಂದ ಹಣ್ಣು ಎಷ್ಟು ಚೆನ್ನಾಗಿ ಕಂಡರೂ ಒಳಗೆ ಹುಳ ಇರುವುದು ಇದಕ್ಕೇ. ಬೇಸಿಗೆಯಲ್ಲಿ ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ವಾರ ಹತ್ತು ದಿನ ತಿರುಳು ತಿಂದು ಬೆಳೆಯುತ್ತದೆ. ಆಮೇಲೆ ಮಣ್ಣಿಗೆ ಬಿದ್ದು ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶ ಕಟ್ಟುತ್ತದೆ. ಕಣ್ಣಿಗೆ ಕಾಣದ ಈ ಚುಚ್ಚು ಗಾಯ ದೇಶಗಳ ವ್ಯಾಪಾರವನ್ನೇ ನಿಲ್ಲಿಸಿದ್ದೂ ಇದೆ. 2014ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ತಡೆಹಿಡಿಯಿತು. ಹಣ್ಣುನೊಣ ಸಿಕ್ಕಿದ್ದೇ ಅದಕ್ಕೆ ಮುಖ್ಯ ಕಾರಣ. ಮುಂದಿನ ವರ್ಷ ತಡೆ ತೆಗೆದರು.

ಮಾವಿನ ಮರವೂ ಕೈಕಟ್ಟಿ ಕೂತಿಲ್ಲ. ಎಳೆ ಕಾಯಿಗೆ ಉಗುರು ತಾಗಿಸಿದರೆ ಸೊನೆ ಹೇಗೆ ಚಿಮ್ಮುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸಿಪ್ಪೆಯಲ್ಲಿ ಸೊನೆಯ ನಾಳಗಳಿವೆ. ನೊಣ ಚುಚ್ಚಿ ಮೊಟ್ಟೆ ಇಟ್ಟರೆ ಸೊನೆ ಉಕ್ಕಿ ಮೊಟ್ಟೆ, ಮರಿಗಳನ್ನು ಕೊಲ್ಲುತ್ತದೆ. ಕಾಯಿ ಬಲಿತಂತೆ ಈ ಕಾವಲು ಸಡಿಲವಾಗುತ್ತದೆ, ಸಿಪ್ಪೆಯೂ ಮೆತ್ತಗಾಗುತ್ತದೆ. ಆದ್ದರಿಂದಲೇ ಎಳೆ ಕಾಯಿಗಿಂತ ಬಲಿತ ಕಾಯಿಗೆ, ಬಲಿತ ಕಾಯಿಗಿಂತ ಮರದಲ್ಲೇ ಹಣ್ಣಾಗಲು ಬಿಟ್ಟದ್ದಕ್ಕೆ ಕಾಟ ಜಾಸ್ತಿ. ಗಿಳಿ ಕಚ್ಚಿದ, ಬಿರಿದ, ಕೊಂಬೆಗೆ ಉಜ್ಜಿ ಗಾಯವಾದ ಹಣ್ಣು ಸಿಕ್ಕಿದರಂತೂ ನೊಣಕ್ಕೆ ಸಲೀಸು. ಬಾಗಿಲು ಆಗಲೇ ತೆರೆದಿರುತ್ತದಲ್ಲ, ಕೊರೆಯುವ ಶ್ರಮವೇ ಇಲ್ಲ.

ಮೊದಲೇ ಬೇರೆ ನೊಣ ಮೊಟ್ಟೆ ಇಟ್ಟಿದ್ದರೆ? ಇದಕ್ಕೆ ಎಲ್ಲ ಹಣ್ಣುನೊಣಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ಸೇಬಿಗೆ ಬೀಳುವ ಒಂದು ಹಣ್ಣುನೊಣ ಮೊಟ್ಟೆ ಇಟ್ಟ ಮೇಲೆ ಸೂಜಿಯ ತುದಿಯನ್ನು ಹಣ್ಣಿನ ಮೇಲೆ ಎಳೆದಾಡಿ ಒಂದು ವಾಸನೆಯ ಗುರುತು ಹಾಕಿ ಹೋಗುತ್ತದೆ. ಮುಂದೆ ಬಂದ ನೊಣ ಅದನ್ನು ತಿಳಿದು ಬೇರೆ ಹಣ್ಣಿಗೆ ಹೋಗುತ್ತದೆ. 1972ರಲ್ಲಿ ರೊನಾಲ್ಡ್ ಪ್ರೊಕೊಪಿ ಇದನ್ನು ತೋರಿಸಿದರು. ಬಸ್ಸಿನಲ್ಲಿ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ! ನಮ್ಮ ಮಾವಿನ ನೊಣದಲ್ಲಿ ಇಂಥ ಬಲವಾದ ಗುರುತು ಕಾಣುವುದಿಲ್ಲ. ಒಂದು ನೊಣ ಕೊರೆದ ತೂತನ್ನೇ ಇನ್ನೊಂದು ಬಳಸುವುದುಂಟು. ನಿಮ್ಮ ಒಂದೇ ಹಣ್ಣಿನಲ್ಲಿ ಹತ್ತಾರು ಹುಳ ಸಿಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಮಗಳ ಡ್ರೊಸೊಫಿಲ. ಅದರಿಂದ ಕಲಿತ ಒಂದು ಮಾತು ನಿಮ್ಮ ಎರಡು ಮರಗಳಿಗೆ ನೇರವಾಗಿ ತಾಗುತ್ತದೆ. 2008ರಲ್ಲಿ ಅಮೆರಿಕದ ಒಂದು ತಂಡ ಈ ನೊಣಕ್ಕೆ ಮೊಟ್ಟೆ ಇಡಲು ಪಕ್ಕಪಕ್ಕದಲ್ಲಿ ಎರಡು ಜಾಗ ಕೊಟ್ಟಿತು. ಒಂದರಲ್ಲಿ ಸಕ್ಕರೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನೊಣಗಳು ಸಕ್ಕರೆ ಇರುವ ಜಾಗ ಬಿಟ್ಟು ಇಲ್ಲದ ಕಡೆಯೇ ಮೊಟ್ಟೆ ಇಟ್ಟವು. ಅದೇ ಸಕ್ಕರೆಯ ಜಾಗವೊಂದನ್ನೇ ಕೊಟ್ಟಾಗ ಏನೂ ತಕರಾರಿಲ್ಲದೆ ಅಲ್ಲೇ ಇಟ್ಟವು. ಅಂದರೆ ನೊಣ 'ಇದು ಒಳ್ಳೆಯದು, ಅದು ಕೆಟ್ಟದ್ದು' ಅಂತ ಕಟ್ಟುನಿಟ್ಟಾಗಿ ನೋಡುವುದಿಲ್ಲ. ಎದುರಿಗೆ ಇರುವುದರಲ್ಲಿ ಯಾವುದು ಮೇಲು ಅಂತ ನೋಡುತ್ತದೆ. ಮಾವಿನ ನೊಣದ ಜಾತಿಯವೂ ಹೀಗೇ. ಹೊಟ್ಟೆ ತುಂಬ ಮೊಟ್ಟೆ ಇದ್ದು ಒಳ್ಳೆ ಹಣ್ಣು ಸಿಗದೆ ದಿನ ಕಳೆದರೆ, ನಿನ್ನೆ ಬೇಡವೆಂದ ಕಾಯಿಯನ್ನೇ ಇವತ್ತು ಒಪ್ಪಿಕೊಳ್ಳುತ್ತವೆ.

ಡ್ರೊಸೊಫಿಲದ ಇನ್ನೆರಡು ಸಂಗತಿ ಮಗಳಿಗಾಗಿ ಹೇಳಿಬಿಡುತ್ತೇನೆ. ಮೊದಲ ಮಳೆ ಬಿದ್ದಾಗ ಮಣ್ಣಿನ ಘಮ ಬರುತ್ತದಲ್ಲ, ಅದರಲ್ಲಿ ಜಿಯೋಸ್ಮಿನ್ ಅನ್ನುವ ವಸ್ತು ಇದೆ. ನಮಗೆ ಅದು ಎಷ್ಟು ಇಷ್ಟ! ಡ್ರೊಸೊಫಿಲ ತಾಯಿಗೆ ಅದು ಅಪಾಯದ ಗಂಟೆ. ಮರಿಗೆ ವಿಷವಾಗುವ ಕೆಲವು ಬೂಷ್ಟು, ಬ್ಯಾಕ್ಟೀರಿಯಾಗಳು ಅದೇ ವಾಸನೆ ಬಿಡುತ್ತವೆ. ಈ ಒಂದು ವಾಸನೆಗೆಂದೇ ನೊಣದ ಮೀಸೆಯಲ್ಲಿ ಬೇರೆ ನರಕೋಶಗಳಿವೆ ಎಂದು 2012ರಲ್ಲಿ ತಿಳಿದುಬಂತು. ಬೇರೆ ವಾಸನೆಗೆ ಅವು ಏಳುವುದೇ ಇಲ್ಲ. ಇನ್ನೊಂದು, 2013ರದು. ಡ್ರೊಸೊಫಿಲದ ಮರಿಯೊಳಗೆ ತನ್ನ ಮೊಟ್ಟೆ ಇಡುವ ಸಣ್ಣ ಕಣಜಗಳಿವೆ. ಅಂಥ ಕಣಜ ಕಣ್ಣಿಗೆ ಬಿದ್ದರೆ ತಾಯಿ ನೊಣ ಜಾಸ್ತಿ ಆಲ್ಕೋಹಾಲ್ ಇರುವ ಜಾಗ ಹುಡುಕಿ ಮೊಟ್ಟೆ ಇಡುತ್ತದೆ. ಮರಿಗಳು ಅಷ್ಟು ಆಲ್ಕೋಹಾಲ್ ತಡೆದುಕೊಳ್ಳುತ್ತವೆ, ಕಣಜದ ಮರಿ ತಡೆದುಕೊಳ್ಳುವುದಿಲ್ಲ. ಇನ್ನೂ ಹುಟ್ಟದ ಮಗುವಿಗೆ ತಾಯಿ ಔಷಧಿಯ ಏರ್ಪಾಡು ಮಾಡಿದ ಹಾಗೆ, ಅಲ್ವಾ?

ನಿಮ್ಮ ಬಲೆಯ ವಿಷಯಕ್ಕೆ ಬರೋಣ. ಕೈಗೆ ಗ್ಲೌಸ್ ಹಾಕಿಕೊಂಡು ಬಲೆಯಿಂದ ನಾಲ್ಕು ನೊಣ ತೆಗೆದು ಹೊಟ್ಟೆಯ ತುದಿ ನೋಡಿ. ಒಳಗೆ ಕೀಟನಾಶಕ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಹೆಣ್ಣಿಗೆ ಹೊಟ್ಟೆಯ ತುದಿ ಚೂಪಾಗಿರುತ್ತದೆ, ಗಂಡಿಗೆ ಮೊಂಡು. ನಿಮ್ಮ ಬಲೆಯಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಮೊಂಡು ಹೊಟ್ಟೆಯವೇ. ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಗಂಡಿಗೆ ಮಾತ್ರ ಹುಚ್ಚು ಹಿಡಿಸುತ್ತದೆ. ಇದು ಮೊದಲು ಗೊತ್ತಾದದ್ದೂ ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಹೌಲೆಟ್ ಅನ್ನುವ ಕೀಟ ವಿಜ್ಞಾನಿ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ಬರೆದರು. 1915ರಲ್ಲಿ ಮೀಥೈಲ್ ಯೂಜಿನಾಲ್‌ನ ಸೆಳೆತವನ್ನು ತೋರಿಸಿದರು. ತುಳಸಿಯಲ್ಲೂ ಈ ವಸ್ತು ಇದೆ. ಜಜ್ಜಿದ ತುಳಸಿ ಎಲೆಗೂ ಗಂಡು ನೊಣ ಬರುತ್ತದೆ. ಗಂಡು ಇದನ್ನು ತಿಂದು ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಿಕೊಳ್ಳುತ್ತದೆ.

ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಹಾಗಾಗಿ ನೂರಕ್ಕೆ ಎಂಬತ್ತು ಗಂಡು ಸತ್ತರೂ ಉಳಿದವು ಸಾಕು. ಮೇಲಾಗಿ ಆಗಲೇ ಕೂಡಿದ ಹೆಣ್ಣು ಪಕ್ಕದ ತೋಟದಿಂದ ಹಾರಿ ಬಂದರೆ ನಿಮ್ಮ ಬಲೆ ಅದನ್ನು ತಡೆಯುವುದಿಲ್ಲ. ಈ ವಿಧಾನ ಪೂರ್ತಿ ಗೆದ್ದ ಉದಾಹರಣೆ ಇದೆ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ತುಂಡುಗಳನ್ನು ವಿಮಾನದಿಂದ ಇಡೀ ದ್ವೀಪದ ಮೇಲೆ ಚೆಲ್ಲಿ ಈ ನೊಣವನ್ನು ಇಲ್ಲವಾಗಿಸಿದರು. ಸುತ್ತ ಸಮುದ್ರ, ಹೊರಗಿನಿಂದ ಹೊಸ ನೊಣ ಬರುವ ಹಾಗಿಲ್ಲ. ನಿಮ್ಮ ನಾಲ್ಕು ಎಕರೆಯ ಸುತ್ತ ಸಮುದ್ರವಿಲ್ಲ, ಬೇರೆಯವರ ಮಾವಿದೆ. ಬಲೆ ತೆಗೆಯಿರಿ ಅನ್ನುತ್ತಿಲ್ಲ. ಅಕ್ಕಪಕ್ಕದ ತೋಟದವರೆಲ್ಲ ಒಂದೇ ಸಮಯಕ್ಕೆ, ಕಾಯಿ ಬಲಿಯುವ ಮುಂಚೆಯೇ ಕಟ್ಟಿದರೆ ಅದರ ಗುಣ ಕಾಣುತ್ತದೆ. ಈ ಮಾತನ್ನು ನಿಮ್ಮ ಅಕ್ಕಪಕ್ಕದವರಿಗೆ ದಯವಿಟ್ಟು ಹೇಳಿ.

ಈಗ ಸೀಬೆ ಗಿಡ. ಸೀಬೆ ಈ ನೊಣಕ್ಕೆ ಅಚ್ಚುಮೆಚ್ಚು. ಮಾವಿನ ಫಸಲು ಇಲ್ಲದ ತಿಂಗಳಲ್ಲೂ ಸೀಬೆಯಲ್ಲಿ ಅದರ ಸಂಸಾರ ನಡೆಯುತ್ತದೆ. ಬಿದ್ದ ಸೀಬೆ ಹಣ್ಣನ್ನು ಯಾರೂ ಎತ್ತುವುದಿಲ್ಲ. ಹುಳ ಅಲ್ಲೇ ಮಣ್ಣಿಗಿಳಿದು ಕೋಶವಾಗುತ್ತದೆ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ನಿಮ್ಮ ಬೇನಿಷಾ ಬಲಿಯುವ ಹೊತ್ತಿಗೆ ಹಸಿದ ತಾಯಿಯರು ಹತ್ತು ಹೆಜ್ಜೆ ದೂರದಲ್ಲೇ ಇರುತ್ತಾರೆ. ಎರಡನೇ ಮರಕ್ಕೆ ಕಾಟ ಕಡಿಮೆ ಇರುವುದು ಅದರಲ್ಲಿ ಏನೋ ವಿಶೇಷ ಶಕ್ತಿ ಇದೆ ಅಂತಲ್ಲ. ಅದಕ್ಕಿಂತ ಹತ್ತಿರದಲ್ಲಿ, ಬಹುಶಃ ಒಂದೆರಡು ದಿನ ಮುಂಚೆ ಬಲಿಯುವ, ಇನ್ನೊಂದು ಮರ ಸಿಕ್ಕಿದೆ. ನೊಣ ಹೋಲಿಸಿ ನೋಡುತ್ತದೆ ಅಂದೆನಲ್ಲ, ಇದೇ ಅದು. ಹುಳದ ಮರವನ್ನು ಕಡಿದರೆ ಮುಂದಿನ ವರ್ಷ ಆ ಇನ್ನೊಂದು ಮರದ ಸರದಿ ಬರಬಹುದು. ದಯವಿಟ್ಟು ಕಡಿಯಬೇಡಿ.

ಎರಡೂ ಮರ ಹತ್ತಿ ಇನ್ನೊಂದನ್ನೂ ನೋಡಿ. ಕಾಟ ಕಡಿಮೆ ಇರುವ ಮರದಲ್ಲಿ ಎಲೆ ಹೊಲೆದು ಗೂಡು ಕಟ್ಟಿದ ಚಗಳಿ ಇರುವೆ ಇದೆಯಾ? ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಟಗಳಲ್ಲಿ ಇದರ ಹತ್ತಿರದ ಸಂಬಂಧಿ ಇರುವೆಯನ್ನು ಗಮನಿಸಿದ್ದಾರೆ. ಅದು ಓಡಾಡಿ ವಾಸನೆ ಬಿಟ್ಟ ಹಣ್ಣಿನ ಮೇಲೆ ನೊಣ ಮೊಟ್ಟೆ ಇಡುವುದು ಕಡಿಮೆಯಾಗಿತ್ತು. ಇರುವೆ ಆ ಹೊತ್ತಿಗೆ ಅಲ್ಲಿ ಇರಲೇಬೇಕು ಅಂತಿಲ್ಲ. ಕೊಯ್ಲಿನಲ್ಲಿ ಚಗಳಿ ಕಚ್ಚುತ್ತದೆ, ಉರಿ ಕಷ್ಟ, ಒಪ್ಪುತ್ತೇನೆ. ಆದರೂ ಗೂಡಿಗೆ ಬೆಂಕಿ ಇಡುವ ಮುಂಚೆ ಒಂದು ಸಲ ಯೋಚಿಸಿ.

ಈ ವರ್ಷ ನೀವು ಮಾಡಬೇಕಾದ ಮೊದಲ ಕೆಲಸ ನೆಲದ ಮೇಲಿದೆ. ಮಾವು, ಸೀಬೆ ಎರಡರ ಬಿದ್ದ ಹಣ್ಣನ್ನೂ ಎರಡು ಮೂರು ದಿನಕ್ಕೊಮ್ಮೆ ಆರಿಸಿ. ತಿಪ್ಪೆಗೆ ಎಸೆದರೆ ಪ್ರಯೋಜನವಿಲ್ಲ, ಅಲ್ಲಿಂದಲೇ ನೊಣ ಏಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಬಿಸಿಲಲ್ಲಿ ಕೆಲವು ದಿನ ಇಡಿ. ಇಲ್ಲವೇ ಆಳವಾದ ಗುಂಡಿಯಲ್ಲಿ ಹೂಳಿ. ಮರದ ಬುಡದ ಮಣ್ಣನ್ನು ಆಗಾಗ ಕೆದಕಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗುತ್ತವೆ. ಬಲಿತ ಕಾಯಿಯನ್ನು ಮರದಲ್ಲೇ ಹಣ್ಣಾಗಲು ಬಿಡಬೇಡಿ. ಮನೆಗೆ ಬೇಕಾದ ನಾಲ್ಕಾರು ಹಣ್ಣಿಗೆ ಪೇಪರ್ ಚೀಲ ಕಟ್ಟಿದರೆ ನೊಣಕ್ಕೆ ಮುಟ್ಟಲು ಆಗುವುದಿಲ್ಲ. ಕಿತ್ತ ಕಾಯಿಯನ್ನು 48 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿದರೆ ಒಳಗಿನ ಮೊಟ್ಟೆ, ಮರಿ ಸಾಯುತ್ತವೆ. ರಫ್ತಿನ ಹಣ್ಣಿಗೆ ಮಾಡುವುದೂ ಇದನ್ನೇ. ಆದರೆ ಬಿಸಿ ಹೆಚ್ಚಾದರೆ ಹಣ್ಣು ಕೆಡುತ್ತದೆ, ಥರ್ಮಾಮೀಟರ್ ಇಲ್ಲದೆ ಮಾಡಬೇಡಿ. ಹಣ್ಣಿನ ಮೇಲೆ ಔಷಧಿ ಹೊಡೆಯುವುದರ ಮೇಲೆ ನನಗೆ ನಂಬಿಕೆ ಕಡಿಮೆ. ಸಿಪ್ಪೆಯ ಒಳಗಿರುವ ಮರಿಗೆ ಅದು ಸರಿಯಾಗಿ ತಲುಪುವುದಿಲ್ಲ, ತಿನ್ನುವ ನಮಗೆ ತಲುಪುತ್ತದೆ.

ಕೊನೆಗೆ, ಮಗಳ ಜೊತೆ ಸೇರಿ ಒಂದು ಪ್ರಯೋಗ ಮಾಡಿ. ಎರಡೂ ಮರದಿಂದ ಇಪ್ಪತ್ತಿಪ್ಪತ್ತು ಬಲಿತ ಕಾಯಿ ಕಿತ್ತು, ಎರಡು ಬಕೆಟ್‌ಗಳಲ್ಲಿ ತೇವದ ಮರಳಿನ ಮೇಲೆ ಇಡಿ. ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ ನೆರಳಲ್ಲಿಡಿ. ಸೀಬೆಯದಕ್ಕೂ ಒಂದು ಬಕೆಟ್ ಇರಲಿ. ಮೂರು ವಾರದ ಹೊತ್ತಿಗೆ ನೊಣಗಳು ಹೊರಬಂದಿರುತ್ತವೆ. ಯಾವ ಬಕೆಟ್‌ನಲ್ಲಿ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ನೊಣದ ಜೊತೆ ಉದ್ದ ಮೀಸೆಯ, ಸಣ್ಣ ನಡುವಿನ ಕಣಜಗಳು ಕಂಡರೆ ಅವನ್ನು ಕೊಲ್ಲಬೇಡಿ. ಅವು ಇದೇ ನೊಣದ ಮೊಟ್ಟೆ, ಮರಿಗಳನ್ನು ತಿಂದು ಬೆಳೆದವು. ಬಟ್ಟೆ ಸ್ವಲ್ಪ ಸರಿಸಿ ಅವನ್ನು ತೋಟಕ್ಕೆ ಬಿಟ್ಟುಬಿಡಿ. ಲೆಕ್ಕ ನನಗೂ ಬರೆದು ಕಳಿಸಿ, ನೋಡುವ ಆಸೆ ಇದೆ.